ಜೋಳಿಗೆಗೆ ಹಾಕಿದ ಮಿಶ್ರಿ

ಹುರಿದ ತಂಬಾಕಿನ ಪುಡಿಗೆ ನಮ್ಮ ಕಡೆ ಮಿಶ್ರಿ ಎನ್ನುತ್ತಾರೆ. ಮದುವೆಯಾಗಿ ಬೈಲಹೊಂಗಲಕ್ಕೆ ಬಂದ ವರ್ಷದಿಂದ ನಾನು ಅದನ್ನು ಕದ್ದು ಹಲ್ಲಿಗೆ ತಿಕ್ಕುತ್ತಿದ್ದೆ. ಫೋಟೊ ರೀಲಿನ ಖಾಲಿ ಡಬ್ಬಿಯಲ್ಲಿ ತುಂಬಿ ಅಡುಗೆಮನೆಯಲ್ಲಿ ಬಚ್ಚಿಡುತ್ತಿದ್ದೆ.

ಪ್ರತಿ ಶ್ರಾವಣದಲ್ಲಿ ಮಠದ ಸ್ವಾಮಿಗಳು, ನಮ್ಮ ಮಾತಿನಲ್ಲಿ ಅಜ್ಜಾರು, ಓಣಿಗೆ ಬಂದು ಚಟವನ್ನೇ ಭಿಕ್ಷೆ ಹಾಕಿರೆಂದು ಜೋಳಿಗೆ ಒಡ್ಡುತ್ತಿದ್ದರು. ಗಂಡಸರು ಬೀಡಿ, ಗುಟ್ಕಾ ಹಾಕಿ ಹಣೆಗೆ ವಿಭೂತಿ ಹಚ್ಚಿಸಿಕೊಳ್ಳುತ್ತಿದ್ದರು. ನನ್ನ ಗಂಡನಂತೂ ಪ್ರತಿ ವರ್ಷವೂ ಗುಟ್ಕಾ ಬಿಟ್ಟು, ಮರುದಿನವೇ ಪಾನ್ ಅಂಗಡಿಯ ಮುಂದೆ ನಿಂತಿರುತ್ತಿದ್ದ, ನಾಚಿಕೆಗೆಟ್ಟವನು. ಹೆಂಗಸರು ಜೋಳ ಹಾಕಿ ಕೈಮುಗಿಯಬೇಕು, ಅಷ್ಟೆ.

ಆ ವರ್ಷ ನನ್ನ ವಸಡೆಲ್ಲ ಹುಣ್ಣಾಗಿತ್ತು. ಅಜ್ಜಾರಿಗೆ ಹೇಳಲೋ ಬೇಡವೋ ಎಂದು ಎಂಟು ದಿನ ಒದ್ದಾಡಿದೆ. ಹೇಳಿದರೆ ಓಣಿಗೆಲ್ಲ ಗೊತ್ತಾಗುತ್ತದೆ, ಹೇಳದಿದ್ದರೆ ಬಿಡುವುದಾಗದು. ಕಡೆಗೆ, ಏನಾದರೂ ಆಗಲಿ ಎಂದು ಎಲ್ಲರೆದುರೇ ಡಬ್ಬಿಯನ್ನು ಜೋಳಿಗೆಗೆ ಹಾಕಿದೆ.

ಅಜ್ಜಾರು ಅದನ್ನು ಎತ್ತಿ, ಮುಚ್ಚಳ ತೆಗೆದು ಮೂಸಿದರು. ನನ್ನನ್ನು ಬಿಟ್ಟು, ಹಿಂದೆ ನಿಂತಿದ್ದ ಗಂಡನನ್ನು ನೋಡಿದರು.

"ಮಿಶ್ರೀನೂ ಹಚ್ಚಿಕೊಂಡಿದ್ದೇನೋ ತಮ್ಮಾ?"

"ಹೌದ್ರಿ ಅಜ್ಜಾರ, ಇವತ್ತಿಗೆ ಬಿಟ್ಟೇನ್ರಿ," ಎಂದ ಗಂಡ. ಹೆಂಡತಿ ತಂಬಾಕು ತಿಕ್ಕುತ್ತಾಳೆಂದು ಊರಿಗೆ ಗೊತ್ತಾಗುವುದಕ್ಕಿಂತ ಅದೇ ವಾಸಿ ಅವನಿಗೆ.

"ಅದು ನಂದ್ರಿ ಅಜ್ಜಾರ," ಎಂದೆ.

"ಗಂಡನ ಮರ್ಯಾದಿ ಉಳಸಾಕ ಸುಳ್ಳ ಹೇಳಬ್ಯಾಡವ್ವಾ. ನೀ ಜ್ವಾಳಾ ಹಾಕು," ಎನ್ನುತ್ತ ಅಜ್ಜಾರು ಅವನ ಹಣೆಗೆ ವಿಭೂತಿ ಬಳಿದರು.

ಜೋಳ ಹಾಕಿದೆ. ಸಂಜೆ, ಆ ವಿಭೂತಿ ಇನ್ನೂ ಅಳಿಸುವ ಮೊದಲೇ, ಅವನನ್ನೇ ಅಂಗಡಿಗೆ ಅಟ್ಟಿ ಹೊಸ ಮಿಶ್ರಿ ತರಿಸಿಕೊಂಡೆ.