ಗೋಡೆಯಲ್ಲಿ ಬಿಟ್ಟ ಕದ

ಸೊಲ್ಲಾಪುರದಲ್ಲಿ ನಮ್ಮದು ಬಟ್ಟೆ ಅಂಗಡಿಯ ಮನೆತನ. ನಳದ ನೀರು ಕುಡಿದು, ಮರಾಠಿ ಸಾಲೆ ಕಲಿತು ಬೆಳೆದವಳು ನಾನು. ಕನ್ನಡ ಬಾಯಲ್ಲಿತ್ತೇ ಹೊರತು ಕೈಯಲ್ಲಿರಲಿಲ್ಲ. ಅಕ್ಷರ ಕಲಿತದ್ದು ತಲೆ ನರೆತ ಮೇಲೆ, ಹಾಗಾಗಿ ಕಾಗುಣಿತ ತಪ್ಪಿದರೆ ನಕ್ಕುಬಿಡಿ. ಬರೆಯಬೇಕಾದ ಮಾತಿಗೆ ಮಾತ್ರ ನಗಬೇಡಿ. ದೊಡ್ಡ ಬರ ಮುಗಿದ ಮರುವರ್ಷ ನನ್ನನ್ನು ಅಕ್ಕಲಕೋಟೆ ಕಡೆಯ ಒಂದು ಹಳ್ಳಿಗೆ, ಒಕ್ಕಲುತನದ ಮನೆಗೆ ಕೊಟ್ಟರು.

ಆ ಊರಿಗೆ ಕುಡಿಯುವ ನೀರಿನ ಬಾವಿ ಒಂದೇ. ಗುಡ್ಡದ ಬುಡದಲ್ಲಿದ್ದ ಮೆಟ್ಟಿಲು ಬಾವಿ ಅದು. ಹೆಂಗಸರು ಕೆಳಗಿಳಿದು, ಮೊಣಕಾಲುಮಟ ನೀರಲ್ಲಿ ನಿಂತು ಕೊಡ ತುಂಬುತ್ತಿದ್ದರು. ನೀರು ಎಷ್ಟು ಸಿಹಿಯೆಂದರೆ ನಮ್ಮ ಅಪ್ಪ ಬಂದಾಗಲೆಲ್ಲ ಒಂದು ಚೊಂಬು ಹೆಚ್ಚಿಗೆ ಕುಡಿದೇ ಹೋಗುತ್ತಿದ್ದರು. ಅದೇ ನೀರಿನಲ್ಲಿ ನಾರು ಇತ್ತು.

ನಾರುಹುಣ್ಣು ಕಂಡವರು ಈಗ ಕಡಿಮೆ. ಕಾಲಿನ ಮೇಲೆ ಬೊಬ್ಬೆ ಏಳುತ್ತದೆ, ಬೆಂಕಿ ಇಟ್ಟ ಹಾಗೆ ಉರಿಯುತ್ತದೆ. ಒಡೆದರೆ ಒಳಗಿನಿಂದ ಬಿಳಿ ದಾರದಂಥ ಹುಳ ತಲೆ ಹಾಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಎರಡು ಬೆರಳಿನಷ್ಟು ಎಳೆಯಬೇಕು. ಅವಸರ ಮಾಡಿ ಹರಿದರೆ ಕಾಲು ಹೋಯಿತೆಂದೇ ಲೆಕ್ಕ. ಉರಿ ತಡೆಯಲಾರದೆ ಜನ ಬಾವಿಗಿಳಿದು ಕಾಲು ಇಳಿಬಿಟ್ಟು ಕೂರುತ್ತಿದ್ದರು. ಮಂಗಳವೇಢೆ ಕಡೆಯವರು ನಮ್ಮೂರನ್ನು ನಾರಿನ ಊರು ಎಂದು ಕರೆದು, ಇಲ್ಲಿಯ ಹೆಣ್ಣು ತರಲು ಹಿಂದೆಮುಂದೆ ನೋಡುತ್ತಿದ್ದರು. ಹಾಗಿದ್ದೂ ನನ್ನ ನಾದಿನಿಗೆ ಅಲ್ಲಿಯೇ ಗಂಡು ಗೊತ್ತಾಯಿತು. ಬೀಗರು ಮದುವೆಗೆ ಮುಂಚೆ ಹುಡುಗಿಯ ಮುಖಕ್ಕಿಂತ ಕಾಲನ್ನೇ ಹೆಚ್ಚು ನೋಡಿದರು. ನನಗೆ ಮೈಯೆಲ್ಲ ಉರಿದಿತ್ತು.

ಅವಳ ಮದುವೆಯಾಗಿ ಒಂದು ತಿಂಗಳಿಗೆ ತಾಲೂಕಿನ ದವಾಖಾನೆಯಿಂದ ಒಬ್ಬ ನೌಕರ ಸೈಕಲ್ ಮೇಲೆ ಬಂದ. ನಡುವಯಸ್ಸಿನವ, ಮರಾಠಿ-ಕನ್ನಡ ಕಲಸಿ ಮಾತಾಡುವವ. ಹುಣ್ಣಿನ ಕಾಲು ನೀರಿಗಿಟ್ಟರೆ ಹುಳ ತನ್ನ ಮರಿಗಳನ್ನು ನೀರಿಗೆ ಬಿಡುತ್ತದೆ, ಆ ನೀರು ಕುಡಿದವರಿಗೆ ಒಂದು ವರ್ಷ ಬಿಟ್ಟು ನಾರು ಏಳುತ್ತದೆ ಎಂದು ಕಟ್ಟೆಯ ಮೇಲೆ ಕೂತು ತಿಳಿಸಿ ಹೇಳಿದ. "ಮೆಟ್ಟಿಲಾ ಮುಚ್ರಿ. ಮ್ಯಾಲಿಂದ ಹಗ್ಗ ಬಿಟ್ಟು ಸೇದ್ರಿ. ಈ ವರ್ಷ ಏಳೂದು ಏಳತೈತಿ, ಮುಂದಿನ ವರ್ಷ ಒಂದೂ ಇರಂಗಿಲ್ಲ."

ಗಂಡಸರು ಒಪ್ಪಿದರು, ಹೆಂಗಸರು ಒಪ್ಪಲಿಲ್ಲ. ಹಡೆದ ಬಾಣಂತಿ ಮೊದಲ ಸಲ ಹೊರಗೆ ಬಂದ ದಿನ ಬಾವಿಗಿಳಿದು, ನೀರಲ್ಲಿ ಕಾಲಿಟ್ಟು, ಅರಿಶಿನ ಕುಂಕುಮ ಏರಿಸಿ ಗಂಗಿ ಪೂಜೆ ಮಾಡಬೇಕು. ಆಮೇಲೆಯೇ ಅವಳು ಕೊಡ ಮುಟ್ಟುವುದು. "ಮ್ಯಾಲ ನಿಂತು ಹಗ್ಗ ಬಿಟ್ರ ಗಂಗವ್ವಗ ಪೂಜಿ ಮುಟ್ಟತೈತೇನ್ರಿ?" ಎಂದು ಓಣಿ ಓಣಿಯಲ್ಲೂ ಜಗಳ. ಅವರನ್ನು ಒಪ್ಪಿಸಿದ್ದು ನನ್ನ ಅತ್ತೆ. ಮನೆ ಮನೆ ತಿರುಗಿ, ಮೆಟ್ಟಿಲಿಗೆ ಅಡ್ಡ ಕಟ್ಟುವ ಗೋಡೆಯಲ್ಲಿ ಒಂದು ಸಣ್ಣ ಕದ ಇಡೋಣ, ಪೂಜೆಗಷ್ಟೇ ತೆಗೆಯೋಣ ಎಂದು ನಡುಹಾದಿ ಹುಡುಕಿದರು. ನೌಕರ ಕೈಮುಗಿದ. "ಕದಾ ನಕೋ, ಬ್ಯಾಡ ಆಯಿ. ಕದಾ ಇದ್ರ ಯಾರರ ಇಳೀತಾರ." ಅತ್ತೆ ನಕ್ಕು, "ಹುಣ್ಣಿದ್ದಾಕಿನ್ನ ಇಳಸಾಕ ನಾವೇನ್ ಹುಚ್ಚರೇನಪ್ಪಾ?" ಎಂದರು. ಬೀಗದ ಕೈ ನಮ್ಮ ಮನೆಯಲ್ಲಿರಲಿ ಎಂದು ಊರು ತೀರ್ಮಾನ ಮಾಡಿತು. ಅತ್ತೆ ಅದನ್ನು ನನ್ನ ಸೊಂಟಕ್ಕೆ ಸಿಕ್ಕಿಸಿದರು. ಪ್ಯಾಟಿ ಹುಡುಗಿಗೆ ಊರಲ್ಲಿ ಸಿಕ್ಕ ಮೊದಲ ಮರ್ಯಾದೆ ಅದು, ನಾನು ಉಬ್ಬಿಹೋದೆ.

ಊರಿಗೆ ಊರೇ ಕಲ್ಲು ಹೊತ್ತು ಗೋಡೆ ಎಬ್ಬಿಸಿತು. ಬಾವಿಯ ಮೇಲಿನ ಗುಡ್ಡದ ನೀರೂ ಬಾವಿಗೇ ಬರುವುದರಿಂದ ಅಲ್ಲಿ ದನ ಮೇಯಿಸಬಾರದು, ಯಾರೂ ಚೊಂಬು ಹಿಡಿದು ಹೋಗಬಾರದು ಎಂದೂ ಆಯಿತು. ಅದನ್ನು ಕಾಯಲು ಬಾವಿಯ ಬದಿಯ ಗುಡಿಸಲಿನಲ್ಲಿದ್ದ ಒಬ್ಬ ಮುದುಕಿಯನ್ನು ನೇಮಿಸಿದರು. ಗಂಡ ತೀರಿಕೊಂಡವಳು, ನಾಲ್ಕು ಕುರಿ ಅವಳ ಆಸ್ತಿ, ಕಾಲಲ್ಲಿ ಹಳೆಯ ನಾರಿನ ಕಲೆ. ಸುಗ್ಗಿಯಲ್ಲಿ ಮನೆಗೊಂದು ಮೊರ ಜೋಳ ಅವಳಿಗೆ. ಎಂಥ ಬಾಯಿ ಅಂತೀರಿ! ನಮ್ಮ ಮಾವನವರೇ ಒಮ್ಮೆ ಚೊಂಬು ಹಿಡಿದು ಗುಡ್ಡದ ಕಡೆ ತಿರುಗಿದಾಗ, "ಯಪ್ಪಾ, ನಾಳಿ ಅದನ್ನ ಕುಡ್ಯಾವ್ರು ನೀವರಿ" ಎಂದು ಕೂಗಿ ಹಿಂದಕ್ಕೆ ಕಳಿಸಿದ್ದಳು.

ಬೇಸಿಗೆಗೆ ನಾದಿನಿ ಚೊಚ್ಚಲ ಹೆರಿಗೆಗೆ ಬಂದಳು. ಗಂಡು ಕೂಸು. ಗಂಗಿ ಪೂಜೆಯ ಬೆಳಿಗ್ಗೆ ಅವಳಿಗೆ ಸೀರೆ ಉಡಿಸುವಾಗ ಎಡಗಾಲಿನ ಗೆಜ್ಜೆಯ ಕೆಳಗೆ ಬೊಬ್ಬೆ ಕಂಡೆ. ಮದುವೆಗೆ ಮುಂಚೆ ಕುಡಿದ ನೀರು ಈಗ ಎದ್ದಿತ್ತು. ಅವಳು ನನ್ನ ಕೈ ಹಿಡಿದಳು. "ವೈನಿ, ನಿನ್ನ ಕಾಲಿಗಿ ಬೀಳ್ತೀನಿ. ಅತ್ತಿ ಮನಿಯವ್ರು ನಾಳಿ ತೊಟ್ಟಲಿಗಿ ಬರ್ತಾರ. ಪೂಜಿ ನಿಂತ್ರ ಯಾಕಂತ ಕೇಳ್ತಾರ. ಕಾಲ ನೋಡಿದ್ರ ಕೂಸಿನ್ನ ಒಯ್ದು ನನ್ನ ಇಲ್ಲೇ ಬಿಡ್ತಾರ."

ಸುಳ್ಳು ಹೇಳಿರಲಿಲ್ಲ ಅವಳು, ಆ ಜನ ಬಿಡುವವರೇ. ನಾನು ಗೆಜ್ಜೆಯ ಸುತ್ತ ಅರಿಶಿನ ದಪ್ಪಗೆ ಮೆತ್ತಿದೆ. ಮುತ್ತೈದೆಯರೆಲ್ಲ ಕದದ ಹತ್ತಿರವೇ ನಿಂತರು. ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಬಾಣಂತಿಯನ್ನು ಹಿಡಿದು ಇಳಿಸಿದವಳು ನಾನೊಬ್ಬಳೇ. ನೀರಲ್ಲಿ ಕಾಲಿಟ್ಟ ಕೂಡಲೇ ಅವಳು ಉಸ್ಸೆಂದು ಉಸಿರು ಬಿಟ್ಟು ಕಣ್ಣು ಮುಚ್ಚಿದಳು. ಎಷ್ಟು ದಿನದಿಂದ ಉರಿ ನುಂಗಿಕೊಂಡಿದ್ದಳೋ. ಅವಳ ಪಾದದ ಹತ್ತಿರ ನೀರು ಸ್ವಲ್ಪ ಬೆಳ್ಳಗಾಯಿತು, ಹಾಲಿನ ಹನಿ ಬಿದ್ದ ಹಾಗೆ. ನೌಕರ ಹೇಳಿದ್ದೆಲ್ಲ ನನಗೆ ನೆನಪಿತ್ತು. ಅರಿಶಿನ ಕದಡಿದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಅರಿಶಿನ ಎಲ್ಲಾದರೂ ಬೆಳ್ಳಗೆ ಕದಡುತ್ತದೆಯೇ?

ಬಾಣಂತಿ ಕೋಣೆಯಲ್ಲಿ ಯಾರಿಗೂ ಕಾಣದಂತೆ ಬೆಂಕಿಕಡ್ಡಿಗೆ ಸುತ್ತಿ ಸುತ್ತಿ ಆ ಹುಳವನ್ನು ಪೂರ್ತಿ ತೆಗೆದೆ. ಅವಳು ಕೂಸನ್ನೆತ್ತಿಕೊಂಡು ನೆಟ್ಟಗೆ ನಡೆಯುತ್ತ ಗಂಡನ ಮನೆಗೆ ಹೋದಳು. ನಾನು ಗೆದ್ದೆ ಅಂದುಕೊಂಡೆ, ದೇವರಾಣೆ.

ಒಂದೂ ಏಳಬಾರದಿದ್ದ ವರ್ಷ ಓಣಿ ಓಣಿಯಲ್ಲಿ ನಾರು ಎದ್ದಿತು. ಅತ್ತೆಗೆ ಮೊಣಕಾಲಲ್ಲೇ ಎದ್ದು, ಎಳೆಯುವಾಗ ಹರಿಯಿತು. ಮೊಣಕಾಲು ಮಡಿಚಿದ್ದು ಮತ್ತೆ ನೆಟ್ಟಗಾಗಲೇ ಇಲ್ಲ. ಗೋಡೆಗಾಗಿ ಮನೆ ಮನೆ ತಿರುಗಿದ ಕಾಲು ಅದು. ನೌಕರ ಸೈಕಲ್ ಗೋಡೆಗೆ ಆನಿಸಿ, "ಕುಣಿತರಿ ಉತರಲಾ ಆಹೆ, ಯಾರೋ ಇಳದಾರ" ಎಂದಷ್ಟೇ ಹೇಳಿ ತಲೆ ತಗ್ಗಿಸಿಕೊಂಡು ಕೂತ.

ಯಾರು ಎಂದು ಹುಡುಕಲು ಊರಿಗೆ ಅರ್ಧ ದಿನವೂ ಬೇಕಾಗಲಿಲ್ಲ. ಪೂಜೆಗೆ ಇಳಿದವರ ಕಾಲಲ್ಲಿ ಹುಣ್ಣು ಕಂಡವರಿಲ್ಲ, ಬೀಗದ ಕೈ ನಮ್ಮ ದೊಡ್ಡಮನೆಯಲ್ಲಿದೆ ಅಂದಮೇಲೆ ಗೋಡೆ ಹತ್ತಿಯೇ ಇಳಿದಿರಬೇಕು. ಬಾವಿಯ ಬದಿಯಲ್ಲಿ ಇರುವವಳು ಯಾರು? ಕಾಲಲ್ಲಿ ಕಲೆ ಇರುವವಳು ಯಾರು? ಅವಳಿಂದ ಬೈಸಿಕೊಂಡ ಗಂಡಸರೆಲ್ಲ ಅಂದು ಸರಿಯಾಗಿ ಮಾತಾಡಿದರು. ಮುದುಕಿ ಒಂದೇ ಸಲ "ನಾ ಇಳದಿಲ್ಲರಿ" ಎಂದಳು. ಆಮೇಲೆ ಹೆಂಗಸರ ನಡುವೆ ನಿಂತಿದ್ದ ನನ್ನ ಕಡೆ ನೋಡಿದಳು. ನಾನು ಸೆರಗು ಮುಂದಕ್ಕೆ ಎಳೆದುಕೊಂಡೆ. ಅವಳ ಜೋಳ ನಿಂತಿತು, ಅವಳ ಹಗ್ಗ ಬಾವಿಗೆ ಬೀಳಬಾರದೆಂದಾಯಿತು. ಅವಳು ದೂರದ ಹಳ್ಳದಲ್ಲಿ ಉಸುಕು ತೋಡಿ ನೀರು ತುಂಬತೊಡಗಿದಳು.

ನನ್ನ ಮೇಲೆ ನನಗೆ ಹೇಸಿಗೆ ಹುಟ್ಟಿತು. ಕೊನೆಗೆ ಅತ್ತೆ ಮಾವನ ಮುಂದೆ ಎಲ್ಲ ಹೇಳಿದೆ. ಅತ್ತೆ ತಮ್ಮ ಮಡಿಚಿದ ಕಾಲನ್ನೇ ನೋಡುತ್ತ ಕೂತರು. ಮಾವ, "ಈಗ ಹೇಳಿದ್ರ ನಮ್ಮ ಮಗಳು ತವರಿಗೆ ಬಂದು ಕೂಡತಾಳ. ಆಕಿಗೇನು, ಮುದುಕಿ" ಎಂದರು. ಮರುದಿನ ಗೌಂಡಿಯನ್ನು ಕರೆಸಿ ಕದದ ಜಾಗವನ್ನು ಕಲ್ಲಿನಿಂದ ಮುಚ್ಚಿಸಿದರು. ಊರು ಅವರನ್ನು ಹೊಗಳಿತು. ಮುಂದೆ ಆ ಊರಲ್ಲಿ ನಾರು ಕಡಿಮೆಯಾಗುತ್ತ ಬಂದು ನಿಂತೇಹೋಯಿತು. ಅಷ್ಟರಲ್ಲಿ ಮುದುಕಿ ಕುರಿ ಮಾರಿ, ಹುಲಜಂತಿ ಕಡೆಯ ಮಗಳ ಮನೆಗೆ ಹೋಗಿಬಿಟ್ಟಿದ್ದಳು.

ಅವಳು ಊರು ಬಿಟ್ಟ ಮರುವರ್ಷ ತವರಿಗೆ ಹೋಗುತ್ತೇನೆ ಎಂದು ಹೇಳಿ ಸೊಲ್ಲಾಪುರಕ್ಕೆ ಬಂದವಳು ಮನೆಗೆ ಹೋಗದೆ ಮಂಗಳವೇಢೆಯ ಎಸ್‌ಟಿ ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ನಡಿಗೆ. ಮುದುಕಿ ಮಗಳ ಮನೆಯ ಮುಂದೆ ಜೋಳ ಕೇರುತ್ತಿದ್ದಳು. ನನ್ನನ್ನು ಕಂಡು "ಬರ್ರಿ" ಎಂದಳು, ಮೊರ ಬದಿಗಿಟ್ಟಳು. ನಾನು ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಮರೆತು, ಬಾವಿಗೆ ಇಳಿಸಿದವಳು ನಾನು ಎಂದು ಅತ್ತುಬಿಟ್ಟೆ.

"ಗೊತ್ತೈತಿ" ಎಂದಳು. "ಗುಡ್ಡದ ಮ್ಯಾಲಿಂದ ನೋಡಿದ್ದೆ. ಆ ಹುಡುಗಿ ಕಾಲಿಟ್ಟು ಉಸಿರು ಬಿಟ್ಟದ್ದು ನೋಡಿದ್ದೆ. ನಂಗೂ ಆಗಿತ್ತಲ್ಲ, ಆ ಉರಿ ಗೊತ್ತಿಲ್ಲೇನು?"

"ಮತ್ತ ಅವತ್ತ ಯಾಕ ಹೇಳಲಿಲ್ಲ?"

"ಹಸಿ ಬಾಣಂತಿ ಹೆಸರು ನಾ ಹೆಂಗ ಹೇಳ್ಲಿ? ನೀ ನಿನ್ನ ಹೆಸರು ಹೇಳ್ತಿ ಅಂತ ದಾರಿ ಕಾದೆ, ತಂಗಿ. ಅದಕ್ಕ ದಿನಾ ನಿಮ್ಮ ಮನಿ ಮುಂದಿಂದ ಹಾದು ಬರ್ತಿದ್ದೆ."

ಊರಿಗೆ ಬನ್ನಿ, ಎಲ್ಲರ ಮುಂದೆ ಹೇಳುತ್ತೇನೆ ಎಂದೆ. ಅವಳು ಮೊರ ಎತ್ತಿಕೊಂಡು ಮತ್ತೆ ಕೇರತೊಡಗಿದಳು. ಆ ದಿನಗಳಲ್ಲಿ ಹಳ್ಳದಿಂದ ಅವಳ ಗುಡಿಸಲಿಗೆ ಗುಡ್ಡದ ಕೆಳಗೆ ಸೀದಾ ದಾರಿ ಇತ್ತು. ನಮ್ಮ ಓಣಿಗೆ ಬರಬೇಕಾದರೆ ತುಂಬಿದ ಕೊಡ ಹೊತ್ತು ಊರೆಲ್ಲ ಸುತ್ತಬೇಕು. ಅವಳು ಬರುವ ಹೊತ್ತು ನನಗೆ ಗೊತ್ತಿತ್ತು. ಬಾಗಿಲ ಮುಂದೆ ಅವಳ ಕೆಮ್ಮು ಕೇಳಿದ ಕೂಡಲೇ ನಾನು ಎದ್ದು ಒಳಗೆ ಹೋಗುತ್ತಿದ್ದೆ.