ಫ್ರಾನ್ಸಿನ ಸಕ್ಕರೆ, ಕೊಣ್ಣೂರಿನ ಕೊಪ್ಪರಿಗೆ

ಬೆಲ್ಲದ ಹದ ನೋಡುವುದರಲ್ಲಿ ಕೊಣ್ಣೂರಿನ ಮುರಿಗೆಪ್ಪ ಎತ್ತಿದ ಕೈ. ಮೊದಲ ಮಹಾಯುದ್ಧದಲ್ಲಿ ಎರಡು ವರ್ಷ ಫ್ರಾನ್ಸಿನಲ್ಲಿ ಹೇಸರಗತ್ತೆಯ ಗಾಡಿ ಹೊಡೆದು ೧೯೧೭ರಲ್ಲಿ ಊರಿಗೆ ಬಂದಾಗ ಅವನಿಗೆ ಬೇಕಾಗಿದ್ದುದು ಒಂದೇ: ಶಿದ್ಲಿಂಗಪ್ಪ ಸಾವಕಾರರ ಗಾಣದಲ್ಲಿ ತನ್ನ ಹಳೆಯ ಜಾಗ. ಆ ಗಾಣದಲ್ಲಿ ಪ್ರತಿ ಹಂಗಾಮಿನ ಮೊದಲ ಕೊಪ್ಪರಿಗೆಯ ಬೆಲ್ಲ ಮಠಕ್ಕೆ ಸಲ್ಲುತ್ತಿತ್ತು. ಪರದೇಶದವರ ಕೈಯಲ್ಲಿ ಉಂಡವನು ಅದನ್ನು ಮುಟ್ಟಬಹುದೇ ಎಂದು ಊರಲ್ಲಿ ಮಾತೆದ್ದಿತು.

ಸಾವಕಾರರು ಕಟ್ಟೆಯ ಮೇಲೆ ಕೂತು ನಾಲ್ಕು ಜನರೆದುರಿಗೆ ಕೇಳಿಯೇಬಿಟ್ಟರು. ಗೋಕಾಕದಲ್ಲಿ ಫಾರ್ಸಿ ಕಲಿಸುವ ತಾಜುದ್ದೀನ ಮಾಸ್ತರರೂ ಅಲ್ಲಿದ್ದರು.

"ಖರೆ ಹೇಳಲೇ, ಅವರ ಕೈಯಾಗ ಏನ್ ತಿಂದಿ?"

"ದಂಡಿನ ಅಡಿಗಿ ನಮ್ಮವರೇ ಮಾಡತಿದ್ರಿ. ಜ್ವರ ಬಂದಾಗಷ್ಟ ಒಬ್ಬಾಕಿ ಮುದುಕಿ ಬಿಸಿನೀರಾಗ ಸಕ್ಕರಿ ಕದಡಿ ಕುಡಿಸಿದಳ್ರಿ. ಅದಕ್ಕ ಅವರು ಸೂಕ್ರ ಅಂತಾರ."

ಮಾಸ್ತರರ ಮುಖ ಅರಳಿತು. "ಅದು ನಿಮ್ಮ ಮನಿ ಕೂಸೇ ಐತಲ್ರಿ ಸಾವಕಾರ್ರ! ಸಂಸ್ಕೃತದ ಶರ್ಕರಾ ಇರಾನಕ್ಕ ಹೋಗಿ ಶಕರ್ ಆತು. ಅರಬರ ಬಾಯಾಗ ಸುಕ್ಕರ್ ಆತು. ಅವರ ಹಡಗ ಹತ್ತಿ, ಇಟಲಿ ದಾಟಿ ಫ್ರಾನ್ಸ್ ಮುಟ್ಟೈತಿ. ನಮ್ಮ ಸಕ್ಕರಿ ಅದರ ಬೆನ್ನಿಗೆ ಹುಟ್ಟಿದ್ದು."

"ಹಂಗಾರ ನಮ್ಮದು ನಾವು ತಿಂದಂಗಾತು. ನಡಿಯೋ, ಒಲಿ ಹಚ್ಚು," ಎಂದರು ಸಾವಕಾರರು.

ಸುಮ್ಮನೆ ಹೋಗಿದ್ದರೆ ಸಾಕಿತ್ತು. ಮುರಿಗೆಪ್ಪ ನಿಂತಲ್ಲೇ ನಿಂತ. ಬೇರೆ ಯಾವ ಮಾತಾದರೂ ಬಿಟ್ಟಾನು, ಸಕ್ಕರೆಯ ಮಾತಿನಲ್ಲಿ ತಪ್ಪನ್ನು ನಿಲ್ಲಗೊಡುವುದು ಅವನಿಂದಾಗದು.

"ಹೆಸರಷ್ಟ ನಮ್ಮ ಕಡಿಂದ ಹೋಗಿರಬೇಕ್ರಿ. ಅಲ್ಲಿ ಕಬ್ಬು ಬೆಳಿಯಂಗಿಲ್ಲ. ಮೂಲಂಗಿಯಂಥ ಬಿಳಿ ಗಡ್ಡಿ ಕುದಿಸಿ ಸಕ್ಕರಿ ತಗೀತಾರ. ನಾನೇ ನೋಡೇನಿ."

"ಗಡ್ಡಿ ಸಕ್ಕರಿ!" ಎಂದು ಕಟ್ಟೆಯವರೆಲ್ಲ ನಕ್ಕರು. ಮಾಸ್ತರರು ಹಣೆ ಬಡಿದುಕೊಂಡರು. "ಬಾಯಿ ಮುಚ್ಚಿದ್ರ ನಿಂದೇನ್ ಹೋಗತಿತ್ತೋ, ಪುಣ್ಯಾತ್ಮಾ?"

ಸಾವಕಾರರು ನಗಲಿಲ್ಲ. "ಎರಡನೇ ಕೊಪ್ಪರಿಗಿಯಿಂದ ಹದ ನೀ ನೋಡು. ಮಠಕ್ಕ ಹೋಗೋ ಮೊದಲನೇದು ಮೂಡಲಗಿ ಸತ್ತೆಪ್ಪ ನೋಡಲಿ."

ಇಪ್ಪತ್ತೈದು ವರ್ಷ ಹಾಗೆಯೇ ನಡೆಯಿತು. ಹಂಗಾಮಿನ ಮೊದಲ ದಿನ ಮುರಿಗೆಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಗಾಣದ ಬೇಲಿಯ ಹೊರಗೆ ನಿಲ್ಲುತ್ತಿದ್ದ. ಒಳಗಿದ್ದ ಸತ್ತೆಪ್ಪನಿಗೆ ಹದ ಎಂಬುದು ಕೊನೆಯವರೆಗೂ ಕೈಹತ್ತಲಿಲ್ಲ. ಹಬೆಯ ವಾಸನೆ ತಿರುಗಿದ ಕೂಡಲೇ ಬೇಲಿಯಾಚೆಯಿಂದ ಕೂಗು ಬರುತ್ತಿತ್ತು.

"ಇಳಸೋ ಸತ್ತೆಪ್ಪಾ, ಇಳಸು!"

ಸತ್ತೆಪ್ಪ ಇಳಿಸುತ್ತಿದ್ದ. ಸಾವಕಾರರು ಏನೂ ಕೇಳಿಸದವರಂತೆ ಕಬ್ಬಿನ ಗಾಡಿಗಳ ಕಡೆ ಮುಖ ತಿರುಗಿಸುತ್ತಿದ್ದರು.