ಅಪ್ಪನ ನಕ್ಷತ್ರ

ಎಪ್ಪತ್ತರ ದಶಕದ ಕೊನೆ. ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ಅಂದು ಹನ್ನೊಂದು ಗಂಟೆಗೆ ಮೈಸೂರಿನ ಆಸ್ಪತ್ರೆಯಲ್ಲಿ ನನ್ನ ಅಪ್ಪನಿಗೆ ಹೊಟ್ಟೆಯ ಆಪರೇಷನ್. ಯಜಮಾನರು ಹಿಂದಿನ ದಿನವೇ ಹೋಗಿದ್ದರು. ಒಳಗೆ ಕರೆದೊಯ್ಯುವ ಮೊದಲು ಒಂದು ಸಲ ಅಪ್ಪನ ಮುಖ ನೋಡಬೇಕು, ನನಗಿದ್ದದ್ದು ಅದೊಂದೇ ಆಸೆ. ನರಸೀಪುರದ ಸ್ಟ್ಯಾಂಡಿನಲ್ಲಿ ಅತ್ತೆ ಮೈಸೂರಿನ ಬಸ್ಸು ಬಿಟ್ಟು ನಂಜನಗೂಡಿನ ಬಸ್ಸು ಹತ್ತಿದರು.

"ಹೊಟ್ಟೆ ವಿಷಯ ಕಣೇ. ವಿಷ ಕುಡಿದು ದಕ್ಕಿಸ್ಕೊಂಡವನಿಗೆ ಒಂದು ಮಾತು ಹೇಳ್ದೆ ಹೋಗೋದುಂಟಾ?"

ದಾರಿಯುದ್ದಕ್ಕೂ ಪಾಠ. "ಅರ್ಚನೆಗೆ ಗೋತ್ರ ಕೇಳ್ತಾರೆ. ಈಗ ನಿಂದೂ ನಮ್ಮ ಕಾಶ್ಯಪ. ಮರೆತು ತವರಿಂದು ಹೇಳ್ಬಿಟ್ಟೀಯ." ಕಾನ್ವೆಂಟಿನಲ್ಲಿ ಸಿಸ್ಟರುಗಳು ನನ್ನನ್ನು ಏನೇನೋ ಕೇಳಿದ್ದರು, ಗೋತ್ರ ಮಾತ್ರ ಕೇಳಿರಲಿಲ್ಲ.

ಕಪಿಲೆಯಲ್ಲಿ ಕಾಲು ತೊಳೆದು ಸಾಲಿನಲ್ಲಿ ನಿಂತೆವು. ಮುಂದೆ ಒದ್ದೆ ಸೀರೆಯ ಹೆಂಗಸೊಬ್ಬರು. ಅವರ ಹೆಗಲ ಮೇಲಿನ ಮಗುವಿನ ಬೋಳುತಲೆಗೆ ಬಳಿದ ಗಂಧ ಇನ್ನೂ ಆರಿರಲಿಲ್ಲ. ಗಡಿಯಾರ ನೋಡಿದೆ, ಹತ್ತಕ್ಕೆ ಹತ್ತು ನಿಮಿಷ.

"ಗೋತ್ರ?" ಅರ್ಚಕರು ಕೇಳಿದರು.

"ಭಾರದ್ವಾಜ" ಅಂದುಬಿಟ್ಟೆ. ಅಪ್ಪನದು.

ಅತ್ತೆ ತಟ್ಟನೆ ತಿರುಗಿದರು. "ಅರ್ಚನೆ ಅಪ್ಪನಿಗೇ ಅಲ್ವಾ ಅತ್ತೆ?"

ಒಂದು ಕ್ಷಣ ನನ್ನನ್ನೇ ನೋಡಿದರು. "ಹೌದು ಮತ್ತೆ" ಅಂದು ಅರ್ಚಕರ ಕಡೆಗೆ, "ಬೀಗರ ಹೆಸರಿಗೇ ಮಾಡಿ ಸ್ವಾಮಿ, ಭಾರದ್ವಾಜ" ಅಂದರು.

"ನಕ್ಷತ್ರ?"

ಗೊತ್ತಿರಲಿಲ್ಲ. "ನವೆಂಬರ್ ಹತ್ತು" ಅಂದೆ.

"ನಮ್ಮ ಪಂಚಾಂಗದಲ್ಲಿ ನವೆಂಬರ್ ಅಂತ ನಕ್ಷತ್ರ ಇಲ್ವಲ್ಲ ತಾಯಿ."

ಹಿಂದಿನವರು ನಕ್ಕರು. "ಬಿರ್ನೆ ಯೋಳವ್ವ, ನಮ್ಗೂ ಬಸ್ಸದೆ" ಅಂತ ಒಂದು ದನಿ.

"ಮನೇಲಿ ಏನಾದ್ರೂ ಅಂತಿದ್ರೇನೇ? ನೆನಪು ಮಾಡ್ಕೊ" ಅಂದರು ಅತ್ತೆ.

"ಕೃಷ್ಣನ ನಕ್ಷತ್ರದೋರು, ಅದಕ್ಕೇ ಬೆಣ್ಣೆ ಬಚ್ಚಿಡಬೇಕು ಅಂತ ಅಮ್ಮ ರೇಗಿಸ್ತಿದ್ರು."

"ಹಾಗಾದ್ರೆ ರೋಹಿಣಿ! ಮಾಡಿ ಸ್ವಾಮಿ."

ಗರ್ಭಗುಡಿಯೊಳಗಿಂದ ಅಪ್ಪನ ಹೆಸರು ಕೇಳಿಸಿತು. ಮುಂದೆ 'ಶರ್ಮಣಃ' ಸೇರಿ, ನಮ್ಮ ಅಪ್ಪ ಯಾರೋ ದೊಡ್ಡ ಮನುಷ್ಯರ ಹಾಗಿದ್ದರು.

ಆಸ್ಪತ್ರೆ ಸೇರುವಾಗ ಹನ್ನೊಂದೂವರೆ. ಥಿಯೇಟರಿನ ಬಾಗಿಲು ಮುಚ್ಚಿತ್ತು. ಅಪ್ಪ ಒಳಗೆ.

ಅತ್ತೆ ಅಮ್ಮನ ಪಕ್ಕ ಬೆಂಚಿನ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ, "ಬೀಗರದು ರೋಹಿಣಿ ತಾನೆ?" ಎಂದು ಕೇಳಿದರು.

"ಅಲ್ವಲ್ಲಾ, ಮೃಗಶಿರ. ಯಾಕೆ?"

ಬೆಣ್ಣೆಯ ಮಾತು ಬರೀ ತಮಾಷೆಯದಂತೆ. ಅತ್ತೆಯ ಮುಖ ಸಣ್ಣದಾಯಿತು. ಆಮೇಲೆ ಚೇತರಿಸಿಕೊಂಡು, "ಹೋಗ್ಲಿ ಬಿಡಿ. ರೋಹಿಣಿ ಆದ್ಮೇಲೆ ಮೃಗಶಿರವೇ ತಾನೆ, ಪಕ್ಕದ ಮನೆ. ಕದ ತಟ್ಟಿ ವಿಚಾರಿಸ್ಕೋತಾನೆ ನಂಜುಂಡ" ಅಂದರು.

ಅಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ನಗುತ್ತಲೇ ಅತ್ತಳು. ಅವಳ ಕೈ ಹಿಡಿದುಕೊಂಡೇ ಅತ್ತೆ ನನ್ನ ಕಡೆ ಬಗ್ಗಿದರು. "ನೀನು ಮುಖ ನೋಡೋದನ್ನ ನಾನೇ ತಪ್ಪಿಸಿಬಿಟ್ಟೆ ಕಣೇ" ಎಂದರು, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ಎರಡು ಗಂಟೆಗೆ ಡಾಕ್ಟರು ಹೊರಗೆ ಬಂದರು. "ಗಾಬರಿ ಏನಿಲ್ಲ. ಒಬ್ಬೊಬ್ಬರೇ ಹೋಗಿ ನೋಡಿ."

ಅಮ್ಮನಿಗಿಂತ ಮೊದಲು ಎದ್ದವರು ಅತ್ತೆ. ನನ್ನ ಬೆನ್ನಿಗೆ ಕೈಯಿಟ್ಟು ಬಾಗಿಲ ಕಡೆಗೆ ನೂಕಿದರು.

"ಇವಳು ಹೋಗ್ಲಿ, ಮೊದ್ಲು."